ರೂಟ್, ಟ್ರ್ಯಾಕ್: ಎರಡಕ್ಕೂ ‘ದಾರಿ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಜೀಪು, ಬೈಕು ತಗೊಂಡು ಮಲೆನಾಡಿನ ಮಣ್ಣುದಾರಿಗಳಲ್ಲಿ ಸುತ್ತುವ ಗೆಳೆಯರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಗಾಡಿಗೆ ಜಿಪಿಎಸ್ ನ್ಯಾವಿಗೇಟರ್ ಕೊಳ್ಳುವಾಗ ಏನೇನು ನೋಡಬೇಕು ಅನ್ನೋದು ವಿಷಯ. ಪರದೆ ಎಷ್ಟು ದೊಡ್ಡದು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಮಳೆ ನೀರು ತಡೆಯುತ್ತಾ ಎಂಬುದನ್ನೆಲ್ಲ ಕನ್ನಡದಲ್ಲಿ ಹೇಳೋದು ಸುಲಭ. ಪೇಚಾಟ ಶುರುವಾಗಿದ್ದು ರೂಟ್, ಟ್ರ್ಯಾಕ್ ಎಂಬ ಎರಡು ಪದಗಳಿಂದ. ನಿಮ್ಮ ಸಲಹೆ ಬೇಕು.

ಮಾತಿನಲ್ಲಿ ನಾವು ಎರಡಕ್ಕೂ ‘ದಾರಿ’ ಅಂತೀವಿ, ಇಲ್ಲ ‘ರೂಟ್’ ಅಂತೀವಿ. “ಆ ರೂಟ್ ಕಳಿಸೋ ಮಾರಾಯ” ಅಂತ ಕೇಳಿದವನಿಗೆ ಸಾಮಾನ್ಯವಾಗಿ ಬೇಕಾಗಿರೋದು ಟ್ರ್ಯಾಕ್. ಉಪಕರಣಕ್ಕೆ ಮಾತ್ರ ಇವೆರಡೂ ಪೂರ್ತಿ ಬೇರೆ. ಒಬ್ಬರಿಂದ ಒಬ್ಬರಿಗೆ ದಾರಿ ಕಳಿಸೋಕೆ ಬಳಸುವ ಜಿಪಿಎಕ್ಸ್ ಫೈಲಿನಲ್ಲಿ ವೇಪಾಯಿಂಟ್ (ಗುರುತು ಹಾಕಿದ ಒಂದು ಜಾಗ), ರೂಟ್, ಟ್ರ್ಯಾಕ್ ಅಂತ ಮೂರು ಬಗೆ ಇವೆ. ರೂಟ್ ಅಂದರೆ ಸಾಲಾಗಿ ಜೋಡಿಸಿದ ಕೆಲವು ಜಾಗಗಳು. ಒಂದರಿಂದ ಇನ್ನೊಂದಕ್ಕೆ ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಉಪಕರಣವೇ ತನ್ನೊಳಗಿನ ನಕ್ಷೆ ನೋಡಿ ಲೆಕ್ಕ ಹಾಕುತ್ತೆ. ನಕ್ಷೆ ಬೇರೆಯಾದರೆ ರಸ್ತೆಯೂ ಬೇರೆ. ನಿಮ್ಮ ಉಪಕರಣದಲ್ಲಿ ತೋಟದ ಒಳಗೆ ಹಾಯುವ ರೂಟು ನನ್ನದರಲ್ಲಿ ಹೆದ್ದಾರಿ ಸುತ್ತಿಕೊಂಡು ಬರಬಹುದು. ಟ್ರ್ಯಾಕ್ ಹಾಗಲ್ಲ. ಯಾರೋ ಒಬ್ಬರು ನಿಜವಾಗಿ ಹೋದ ಗುರುತು ಅದು. ಸಾವಿರಾರು ಚುಕ್ಕಿಗಳನ್ನು ಸೇರಿಸಿದ ಗೆರೆ. ನಕ್ಷೆಯಲ್ಲಿ ಅಲ್ಲಿ ರಸ್ತೆ ಇರಲಿ, ಬಿಡಲಿ, ಗೆರೆ ಅಲ್ಲೇ ಇರುತ್ತೆ.

ಕೊಳ್ಳುವವನಿಗೆ ಮುಖ್ಯವಾಗಿ ತಿಳಿಯಬೇಕಾದ್ದು ಇದೇ. ಕಾರಿಗೆ ಅಂತ ಮಾಡಿದ ಮಾಮೂಲಿ ನ್ಯಾವಿಗೇಟರ್‌ಗಳಲ್ಲಿ ಹಲವಕ್ಕೆ ಟ್ರ್ಯಾಕ್ ಹಿಡಿದು ಹೋಗೋಕೆ ಬರೋದಿಲ್ಲ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಚೆನ್ನಾಗಿ ಹೇಳುತ್ತವೆ, ಆದರೆ ತಮ್ಮ ನಕ್ಷೆಯಲ್ಲಿರುವ ರಸ್ತೆಗೆ ಮಾತ್ರ. ಗಾರ್ಮಿನ್ ಕಂಪನಿಯ ಮೊಂಟಾನಾ 700, ಇ-ಟ್ರೆಕ್ಸ್ 32ಎಕ್ಸ್ ಥರದವು ಟ್ರ್ಯಾಕನ್ನು ಇದ್ದ ಹಾಗೇ ತೋರಿಸುತ್ತವೆ. ಇವುಗಳಲ್ಲಿ ಗಾಡಿಗೆ ಮೊಂಟಾನಾವೇ ವಾಸಿ. ಇ-ಟ್ರೆಕ್ಸಿನ ಪರದೆ 2.2 ಇಂಚು. ಕುಲುಕಾಟದಲ್ಲಿ ಅದನ್ನು ಓದೋದು ಹಿಂಸೆ. ಫೋನಿನಲ್ಲೇ ಸಾಕು ಅನ್ನುವವರಿಗೆ ಓಸ್ಮ್‌ಆ್ಯಂಡ್, ಲೋಕಸ್ ಮ್ಯಾಪ್ ಅನ್ನೋ ಆ್ಯಪ್‌ಗಳಿವೆ. ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತೆ.

ಇಷ್ಟನ್ನು ಕನ್ನಡದಲ್ಲಿ ಹೇಳಬೇಕಾದರೆ ಎರಡು ಪದ ಬೇಕೇ ಬೇಕು ಅಲ್ವಾ?

ಟ್ರ್ಯಾಕಿಗೆ ನನಗೆ ತೋಚಿದ್ದು ‘ಜಾಡು’. ಹುಲಿಯ ಜಾಡು, ಬಂಡಿ ಜಾಡು, ಜಾಡು ಹಿಡಿದು ಹೋಗು ಅಂತೆಲ್ಲ ಬಳಕೆ ಇದೆ. ಯಾರೋ ಹಾದುಹೋಗಿ ಉಳಿಸಿದ ಗುರುತು ಅನ್ನೋ ಅರ್ಥ ಪದದ ಒಳಗೇ ಇದೆ. ಒಬ್ಬ ಗೆಳೆಯರ ತಕರಾರು ಏನಂದರೆ, ಪೇಪರಿನಲ್ಲಿ ಜಾಡು ಅಂದರೆ ಕಳ್ಳರದ್ದು, ಪೊಲೀಸರು ಹಿಡಿಯುವಂಥದ್ದು. ಅದು ಅಷ್ಟು ದೊಡ್ಡ ತೊಡಕು ಅಂತ ನನಗೆ ಅನ್ನಿಸಲಿಲ್ಲ. ‘ಹಳೇ ಜಾಡಿಗೆ ಬಿದ್ದರು’ ಅನ್ನೋ ಮಾತೂ ಇದೆಯಲ್ಲ, ಕೆಸರಿನಲ್ಲಿ ಟಯರು ಹಳೇ ಕೊರಕಲಿಗೆ ಬಿದ್ದು ಒದ್ದಾಡೋದು ಕಂಡವರಿಗೆ ಆ ಮಾತು ಚೆನ್ನಾಗಿಯೇ ಹಿಡಿಸುತ್ತೆ.

ರೂಟಿಗೆ ‘ಮಾರ್ಗ’ ಇಡಬಹುದು. ಬಸ್ಸಿನ ಬೋರ್ಡಿನ ‘ಮಾರ್ಗ ಸಂಖ್ಯೆ’ಯಿಂದ ಎಲ್ಲರಿಗೂ ಪರಿಚಯದ ಪದ. ನಿಲ್ದಾಣಗಳ ಸಾಲು ಅನ್ನೋ ಅರ್ಥವೂ ಕೂಡಿಬರುತ್ತೆ. ಆದರೆ ದಕ್ಷಿಣ ಕನ್ನಡದವರಿಗೆ ಮಾರ್ಗ ಅಂದರೆ ದಿನಬಳಕೆಯ ರಸ್ತೆಯೇ. “ಮಾರ್ಗ ದಾಟುವಾಗ ಜಾಗ್ರತೆ” ಅಂತಾರೆ. ಅವರಿಗೆ ಗೊಂದಲ ಆಗುತ್ತಾ? ಇನ್ನೊಂದು ಕಡೆಯಿಂದ ನೋಡಿದರೆ, ರೂಟ್ ಲೆಕ್ಕ ಆಗೋದು ರಸ್ತೆಗಳ ಮೇಲೇ. ಹಾಗಾಗಿ ಸರಿಯೇ ಆಯಿತು ಅಂತಲೂ ಅನ್ನಿಸುತ್ತೆ. ಕರಾವಳಿಯವರು ಹೇಳಬೇಕು.

ಇನ್ನೊಂದು ಸಿಕ್ಕು. ನ್ಯಾವಿಗೇಟರ್‌ಗೆ ಹಾಕಿಕೊಳ್ಳುವ ಬಿಟ್ಟಿ ನಕ್ಷೆಗಳಲ್ಲಿ ಹೆಚ್ಚಿನವು ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಿಂದ ಬಂದವು. ಅಲ್ಲೂ ‘ಟ್ರ್ಯಾಕ್’ ಅನ್ನೋ ಗುರುತು ಇದೆ, ಆದರೆ ಅರ್ಥ ಬೇರೆ. ಹೊಲಕ್ಕೋ ಕಾಡಿಗೋ ಗಾಡಿ ಹೋಗುವ ದಾರಿ ಅಂತ. ಅದಕ್ಕೆ ಒಂದರಿಂದ ಐದರವರೆಗೆ ದರ್ಜೆ ಬೇರೆ. ಒಂದನೆಯದು ಗಟ್ಟಿ ನೆಲ, ಐದನೆಯದು ಬರೀ ಮೆತ್ತನೆ ಮಣ್ಣು, ಹುಲ್ಲು. ಇಂಗ್ಲಿಷಿನಲ್ಲಿ ಎರಡೂ ಟ್ರ್ಯಾಕೇ. ನಾವು ಇಲ್ಲಿ ಅವರಿಗಿಂತ ವಾಸಿ, ಇದನ್ನು ‘ಬಂಡಿದಾರಿ’ ಅಂದುಬಿಡಬಹುದು. ಗ್ರಾಮ ನಕಾಶೆ ನೋಡಿದವರಿಗೆ ಬಂಡಿದಾರಿ, ಕಾಲುದಾರಿ ಬೇರೆ ಬೇರೆ ಗುರುತು ಅಂತ ಗೊತ್ತೇ ಇದೆ. ಬಡಗಣ ಕರ್ನಾಟಕದಲ್ಲಿ ‘ಚಕ್ಕಡಿ ಹಾದಿ’ ಅಂದರೆ ಇನ್ನೂ ಚಂದ.

ಕಂದಾಯದವರ ಮಾತಿನಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇದೆ: ‘ನಕಾಶೆ ಕಂಡ ದಾರಿ’ ಮತ್ತು ‘ರೂಢಿ ದಾರಿ’. ಹೊಲದ ದಾರಿ ಜಗಳದಲ್ಲಿ ತಹಶೀಲ್ದಾರರ ಮುಂದೆ ಬರುವ ಮೊದಲ ಪ್ರಶ್ನೆಯೇ ಇದು ನಕಾಶೆ ಕಂಡದ್ದೋ, ರೂಢಿಯದೋ ಅಂತ. ನ್ಯಾವಿಗೇಟರ್ ವಿವರಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಉಪಕರಣ ತಾನಾಗಿ ರೂಟ್ ಹಾಕೋದು ನಕಾಶೆ ಕಂಡ ದಾರಿಯಲ್ಲಿ ಮಾತ್ರ. ರೂಢಿ ದಾರಿಗೆ ಯಾರದಾದರೂ ಜಾಡು ಬೇಕು. ಕೈಪಿಡಿಯಲ್ಲಿ ಹೀಗೇ ಬರೆದುಬಿಡೋಣ ಅಂತಿದ್ದೇನೆ. ಜೊತೆಗೊಂದು ಎಚ್ಚರಿಕೆ: ಜಾಡು ಸಿಕ್ಕಿತು ಅಂದರೆ ಹೋಗೋಕೆ ಒಪ್ಪಿಗೆ ಸಿಕ್ಕಿತು ಅಂತಲ್ಲ. ಮೀಸಲು ಅರಣ್ಯದೊಳಗಿನ ಜಾಡುಗಳೂ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅಲ್ಲಿ ಗಾಡಿ ನುಗ್ಗಿಸಿದರೆ ಕೇಸು.

ಇನ್ನು ‘ಜಿಪಿಎಸ್’ ಅನ್ನೋ ಪದ. “ಗಾಡಿಗೆ ಜಿಪಿಎಸ್ ಹಾಕಿಸಿದೀನಿ” ಅಂದರೆ ಏನರ್ಥ? ಟ್ಯಾಕ್ಸಿ, ಬಸ್ಸಿನವರಿಗೆ ಅದು ಗಾಡಿ ಎಲ್ಲಿದೆ ಅಂತ ಮಾಲೀಕನಿಗೆ ತಿಳಿಸುವ ಪೆಟ್ಟಿಗೆ. ನಮಗೆ ಬೇಕಾಗಿರೋದು ಓಡಿಸುವವನಿಗೇ ದಾರಿ ಹೇಳುವಂಥದ್ದು. ಅಂಗಡಿಯಲ್ಲಿ ಬರೀ ಜಿಪಿಎಸ್ ಕೇಳಿದರೆ ಮೊದಲನೆಯದನ್ನೇ ಕೊಟ್ಟುಬಿಡುತ್ತಾರೆ. ‘ಸ್ಯಾಟಲೈಟ್ ಜಿಪಿಎಸ್’ ಅನ್ನೋದು ಇನ್ನೂ ಅಪಾಯದ ಮಾತು. ಜಿಪಿಎಸ್ ಎಲ್ಲವೂ ಉಪಗ್ರಹದ್ದೇ. ಆದರೆ ಈ ಹೆಸರಿನಲ್ಲಿ ಕೆಲವರು ಹೇಳೋದು ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಥರದ ಉಪಕರಣವನ್ನು. ಸುಮ್ನೆ ಸಿಗ್ನಲ್ ಪಡೆಯುವ ಜಿಪಿಎಸ್‌ಗೆ ತೊಂದರೆ ಇಲ್ಲ. ಸಂದೇಶ ಕಳಿಸುವಂಥದ್ದನ್ನು ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಮೊಂಟಾನಾದಲ್ಲೇ 700 ಬೇರೆ, ಸಂದೇಶ ಕಳಿಸುವ 700ಐ ಬೇರೆ. ಒಂದಕ್ಕೆ ‘ಪಡೆಯುವ’, ಇನ್ನೊಂದಕ್ಕೆ ‘ಕಳಿಸುವ’ ಅಂತ ಸೇರಿಸಿದರೆ ಸಾಕು ಅನ್ನಿಸುತ್ತೆ.

ಉಪಕರಣದ ಹೆಸರನ್ನು ‘ನ್ಯಾವಿಗೇಟರ್’ ಅಂತಲೇ ಬಿಡುತ್ತೇನೆ. ‘ದಾರಿಸೂಚಕ’ ಓದೋಕೆ ಸರಿ, ಯಾರ ಬಾಯಲ್ಲೂ ಬರೋದಿಲ್ಲ. ಹಾಗೆ ನೋಡಿದರೆ ನಮ್ಮಲ್ಲಿ ಕೂಡುರಸ್ತೆಯಲ್ಲಿ ದಿಕ್ಕು ತೋರಿಸುವ ಕಂಬಕ್ಕೆ ಕೈಮರ, ಕೈಕಂಬ ಅಂತ ಹೆಸರಿತ್ತು. ಬಾಬಾಬುಡನ್‌ಗಿರಿ ಹತ್ತುವವರಿಗೆ ಕೈಮರ ಗೊತ್ತು, ಮಂಗಳೂರು ಕಡೆಯವರಿಗೆ ಕೈಕಂಬ ಗೊತ್ತು. ಈಗ ಎರಡೂ ಊರಿನ ಹೆಸರಾಗಿ ಉಳಿದಿವೆ. ಅದನ್ನು ಎಳೆದು ತಂದು ಯಂತ್ರಕ್ಕೆ ಅಂಟಿಸೋ ಆಸೆ ನನಗಿಲ್ಲ. ‘ಆಫ್‌ರೋಡ್’ ಕೂಡ ಹಾಗೇ ಇರಲಿ. ಕನ್ನಡ ಮಾಡೋಕೆ ಹೋದರೆ ‘ದಾರಿ ಬಿಟ್ಟವರ ಕೂಟ’ ಆಗುತ್ತೆ, ಮನೆಯವರು ಕಳಿಸೋದೇ ಇಲ್ಲ.

ಕೊನೆಯ ತೊಡಕು ಬೇರಿಂಗ್, ಹೆಡಿಂಗ್. ಹೋಗಬೇಕಾದ ಜಾಗ ನಾನಿರುವಲ್ಲಿಂದ ಯಾವ ಕಡೆಗಿದೆ ಅನ್ನೋದು ಬೇರಿಂಗ್. ಗಾಡಿಯ ಮೂತಿ ಯಾವ ಕಡೆಗಿದೆ ಅನ್ನೋದು ಹೆಡಿಂಗ್. ಮೊದಲನೆಯದಕ್ಕೆ ‘ದಿಕ್ಕು’, ಎರಡನೆಯದಕ್ಕೆ ‘ಮುಖ’ ಅಂದರೆ ಹೇಗೆ? ಪೂರ್ವಕ್ಕೆ ಮುಖ ಮಾಡಿದ ಮನೆ ಅಂತೀವಲ್ಲ. ಈ ವ್ಯತ್ಯಾಸವೂ ಕೊಳ್ಳುವಾಗ ಬೇಕಾಗುತ್ತೆ. ಬರೀ ಜಿಪಿಎಸ್‌ಗೆ ಗಾಡಿ ಚಲಿಸುತ್ತಿದ್ದರೆ ಮಾತ್ರ ಮುಖ ತಿಳಿಯುತ್ತೆ. ಕವಲಿನಲ್ಲಿ ನಿಲ್ಲಿಸಿ ನೋಡಿದರೆ ಪರದೆಯ ಬಾಣ ಎಲ್ಲೆಲ್ಲೋ ತಿರುಗಬಹುದು. ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇದ್ದರೆ ಈ ಕಾಟ ಕಡಿಮೆ.

ಜಾಡು, ಮಾರ್ಗ, ಮುಖ, ಈ ಮೂರರ ಬಗ್ಗೆ ಅಭಿಪ್ರಾಯ ತಿಳಿಸಿ. ಗಾಡಿ ಓಡಾಡಿ ಸವೆದ ಮಣ್ಣುದಾರಿಗೆ ನಿಮ್ಮಲ್ಲಿ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ. ‘ನಮ್ಮ ಕಡೆ’ ಅಂತ ಮಾತ್ರ ಬರೆಯದೆ ತಾಲ್ಲೂಕಿನ ಹೆಸರು ಸೇರಿಸಿದರೆ ಉಪಕಾರವಾಗುತ್ತೆ.