ಸಹಾಯ ಬೇಕು: ಆನೆ ಹಿಂದೆ ಹೋಗ್ಲಾ, ಬ್ಯಾಂಕಿಗೆ ಓದ್ಲಾ?

ಎಲ್ರಿಗೂ ನಮಸ್ಕಾರ, ಕೊಡಗಿನ ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ನಂದು ಬಿಎಸ್ಸಿ ಈ ವರ್ಷ ಮುಗೀತು, ಮನೆ ಸಿದ್ದಾಪುರದ ಹತ್ರ. ಆನೆ ಹಾವಳಿ ಬಗ್ಗೆ ಕೆಲ್ಸ ಮಾಡೋ ಒಂದು ಸಂಸ್ಥೇಲಿ ಫೀಲ್ಡ್ ಅಸಿಸ್ಟೆಂಟ್ ಆಫರ್ ಬಂದಿದೆ, ತೋಟದಲ್ಲಿ ಹೆಜ್ಜೆ, ಲದ್ದಿ ನೋಡ್ಕೊಂಡು ಆನೆ ಯಾವ ದಾರೀಲಿ ಹೋಯ್ತು ಅಂತ ಜಿಪಿಎಸ್‌ನಲ್ಲಿ ಗುರುತು ಹಾಕೋದು, ಬೆಳಗ್ಗೆ ಕಾಫಿ ಕುಯ್ಯೋಕೆ ಹೋಗೋರಿಗೆ ಮೊದ್ಲೇ ಮೆಸೇಜ್ ಕಳ್ಸೋದು. ಚಿಕ್ಕಂದಿನಿಂದ ನಂಗೆ ಬೇಕಾಗಿದ್ದೇ ಇದು. ಆದ್ರೆ ಒಂದು ವರ್ಷದ ಕಾಂಟ್ರಾಕ್ಟ್, ಪಿಎಫ್ ಇಲ್ಲ, ಸಂಬಳ ಮಾತ್ರ ಕೇಳ್ಬೇಡಿ. ಆನೆ ಓಡ್ಸೋಕೆ ಡಿಗ್ರಿ ಯಾಕೋ ಅಂತ ಮಾವ ಬೇರೆ ನಗ್ತಾರೆ.

ಅಪ್ಪಂಗೆ ನಾನು ಐಬಿಪಿಎಸ್ ಎಎಫ್‌ಒ (ಬ್ಯಾಂಕಲ್ಲಿ ಕೃಷಿ ಅಧಿಕಾರಿ ಆಗೋ ಪರೀಕ್ಷೆ) ಬರೀಬೇಕು ಅಂತ, ಫಾರೆಸ್ಟ್ರಿ ಓದಿದೋರಿಗೂ ಅದ್ರಲ್ಲಿ ಅವಕಾಶ ಇದೆ, ಜನರಲ್‌ಗೆ 30 ವರ್ಷದ ತನಕ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಗೋ ಆಸೆನೂ ಇದೆ, ನೋಟಿಫಿಕೇಷನ್ ಯಾವಾಗ ಬರತ್ತೋ ಇಗ್ಗುತಪ್ಪಂಗೇ ಗೊತ್ತು. ಮಳೆ ಹಿಡಿದ್ರೆ ನಮ್ ಕಡೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಆನ್‌ಲೈನ್ ಕೋಚಿಂಗ್ ಕತೆ ಅಷ್ಟೇ.

ಫೀಲ್ಡ್ ಕೆಲ್ಸ ಮಾಡ್ಕೊಂಡೇ ಎಕ್ಸಾಂ ಪಾಸಾದೋರು ಇಲ್ಲಿ ಯಾರಾದ್ರೂ ಇದ್ದೀರಾ? ಓದೋಕೆ ನಿಜವಾಗ್ಲೂ ಟೈಂ ಸಿಗತ್ತಾ? ಮುಂದೆ ವೈಲ್ಡ್‌ಲೈಫ್ ಎಂಎಸ್ಸಿ ಸೇರೋಕೆ ಈ ಅನುಭವ ಲೆಕ್ಕಕ್ಕೆ ಬರತ್ತಾ? ಸೀನಿಯರ್ಸ್ ಪ್ಲೀಸ್ ಹೇಳಿ, ಶುಕ್ರವಾರದೊಳಗೆ ಸಂಸ್ಥೆಯೋರಿಗೆ ಉತ್ತರ ಕೊಡ್ಬೇಕು.