ಟೆರೇಸಿನಲ್ಲಿ ಬೇರೆ ಥರದ ಸೌತೆ ಬೆಳೆಸಿದವರು ಅನುಭವ ಹೇಳಿ

ಬೆಂಗಳೂರಿನಿಂದ ಕೇಳುತ್ತಿದ್ದೇನೆ. ಪ್ರತಿ ವರ್ಷ ಅದೇ ಹಸಿರು ಸೌತೆ ಹಾಕಿ ಬೇಜಾರಾಗಿದೆ. ಈ ಸಲ ಮೂರು ಥರದ ಬೀಜ ಇದೆ. ಲೆಮನ್ ಕುಕುಂಬರ್ ಒಂದು ಪ್ಯಾಕೆಟ್, ಆರ್ಮೇನಿಯನ್ ಕುಕುಂಬರ್ ಅಂತ ಬರೆದ ಇನ್ನೊಂದು ಪ್ಯಾಕೆಟ್, ಮತ್ತೆ ಪುತ್ತೂರಿನಿಂದ ಅತ್ತೆ ಕಾಗದದಲ್ಲಿ ಕಟ್ಟಿ ಕಳಿಸಿದ ಇಬ್ಬುಡ್ಲ ಅನ್ನುವ ಕರಾವಳಿ ಹಣ್ಣಿನ ಬೀಜ. ಇರುವುದು ಒಂದೇ ಚಪ್ಪರ, ಮೂರನ್ನೂ ಅದಕ್ಕೇ ಹಬ್ಬಿಸಬಹುದಾ? ಯಾವ ತಿಂಗಳು ಒಳ್ಳೆಯದು? ಹೋದ ಸಲ ಕಾಯಿ ಕಹಿ ಬಂತು, ಅದಕ್ಕೂ ಏನಾದರೂ ಹೇಳಿ.

ಬಂಟ್ವಾಳದಿಂದ

ಅಕ್ಕಾ, ನಿಮ್ಮ ಮೂರು ಬೀಜದಲ್ಲಿ ನಿಜವಾದ ಸೌತೆ ಲೆಮನ್ ಒಂದೇ. ಉಳಿದ ಎರಡೂ ಕರ್ಬೂಜದ ಜಾತಿಗೆ ಸೇರಿದ್ದು. ಸಾಂಬಾರಿಗೆ ಹಾಕುವ ನಮ್ಮ ಮಂಗಳೂರು ಸೌತೆಯೂ ಅದೇ ಬಳಗ. ಇದು ಸುಮ್ನೆ ಪುಸ್ತಕದ ಮಾತಲ್ಲ. ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು, ಬೀಜ ಎತ್ತಿಡುವಾಗ ಯಾವುದನ್ನು ಯಾವುದರಿಂದ ದೂರ ಇಡಬೇಕು ಎಲ್ಲ ಇದರಿಂದಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಮುಳ್ಳುಸೌತೆ ಮಳೆಗಾಲದ್ದು. ಮಳೆ ಶುರುವಾದಾಗ ಹಾಕಿದರೆ ಚೌತಿ ಹೊತ್ತಿಗೆ ಕಾಯಿ, ಆಮೇಲೆ ಕೊಟ್ಟಿಗೆ (ಕಡುಬು), ತೆಳ್ಳವು (ತೆಳು ದೋಸೆ) ಎಲ್ಲ ಅದರದ್ದೇ. ಮಂಗಳೂರು ಸೌತೆ, ಇಬ್ಬುಡ್ಲ ಹಾಗಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಬೀಜ ಹಾಕಿ ಬೇಸಿಗೆಯಲ್ಲಿ ಕೊಯ್ಯುವುದು. ಅವಕ್ಕೆ ಬಿಸಿಲು ಬೇಕು. ಕಾಯಿ ಬಲಿಯುವಾಗ ನೀರು ಜಾಸ್ತಿಯಾದರೆ ಇಬ್ಬುಡ್ಲ ಹಣ್ಣಾಗುವ ಮೊದಲೇ ಸೀಳುತ್ತದೆ. ಹಣ್ಣಾದ ಮೇಲೆ ಹೇಗೂ ಸೀಳುತ್ತದೆ, ಅದರ ಗುಣವೇ ಅದು. ಬೆಳಿಗ್ಗೆ ಹೋಗಿ ನೋಡಿದರೆ ಸಿಪ್ಪೆ ಉದ್ದಕ್ಕೆ ಬಿರಿದು ಒಳಗಿನ ಹಿಟ್ಟು ಹಿಟ್ಟಾದ ತಿರುಳು ಕಾಣುತ್ತದೆ, ವಾಸನೆ ಅಂತೂ ಅಂಗಳದ ತನಕ. ಬರೀ ತಿಂದರೆ ಸಪ್ಪೆ. ಬೆಲ್ಲ, ತೆಂಗಿನಕಾಯಿ ಹಾಲು, ಒಂದು ಏಲಕ್ಕಿ ಹಾಕಿ ರಸಾಯನ ಮಾಡಿ, ಆಮೇಲೆ ಹೇಳಿ.

ಚಪ್ಪರದ ವಿಷಯ. ಇಬ್ಬುಡ್ಲವನ್ನು ನಾವು ನೆಲದಲ್ಲೇ ಹರಿಯಬಿಡುತ್ತೇವೆ, ಕಾಯಿಯ ಕೆಳಗೆ ಒಣಹುಲ್ಲು. ನಿಮ್ಮಲ್ಲಿ ಜಾಗ ಇಲ್ಲದಿದ್ದರೆ ಮೇಲಕ್ಕೆ ಹಬ್ಬಿಸಿ, ಆದರೆ ಕಾಯಿಗೆ ಜೋಳಿಗೆ ಕಟ್ಟಬೇಕು. ಈರುಳ್ಳಿ ಬರುವ ಬಲೆ ಚೀಲ ಸಾಕು.

ಕಾಗದದ ಪೊಟ್ಟಣ ಕಳಿಸುವ ಅತ್ತೆ ಇದ್ದಾರೆ ಅಂದರೆ ಮುಂದಿನ ಸಲ ಮಂಗಳೂರು ಸೌತೆ ಬೀಜವನ್ನೂ ಕೇಳಿ. ಬಲಿತು ಬಣ್ಣ ಬಂದ ಕಾಯಿಯನ್ನು ತೊಟ್ಟು ಸಮೇತ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲ ಪೂರ್ತಿ ಹುಳಿಗೆ ಅದೇ. ಒಳಗಿನ ತಿರುಳು, ಬೀಜ ಎಸೆಯಬೇಡಿ, ಅರೆದು ಸೋಸಿದರೆ ಸಾರಾಗುತ್ತದೆ.

ಬೆಂಗಳೂರು, ಜಯನಗರ ಕಡೆಯಿಂದ

ಲೆಮನ್ ಬಗ್ಗೆ ನಾನು ಹೇಳುತ್ತೇನೆ. ಹೆಸರು ನೋಡಿ ನಿಂಬೆ ರುಚಿ ಇರುತ್ತೆ ಅಂದುಕೊಳ್ಳಬೇಡಿ, ಬಣ್ಣ ಮತ್ತು ಆಕಾರ ಮಾತ್ರ. ತೆಳು ಹಳದಿ ಇರುವಾಗಲೇ ಕಿತ್ತುಬಿಡಿ. ಗಾಢ ಹಳದಿಗೆ ತಿರುಗಿತು ಅಂದರೆ ಬೀಜ ಗಟ್ಟಿ, ಸಿಪ್ಪೆ ದಪ್ಪ, ತಿನ್ನಲು ಖುಷಿ ಇರುವುದಿಲ್ಲ. ದೊಡ್ಡ ಗ್ರೋ ಬ್ಯಾಗ್ ತಗೊಳ್ಳಿ, ಒಂದಕ್ಕೆ ಎರಡು ಗಿಡಕ್ಕಿಂತ ಜಾಸ್ತಿ ಬೇಡ.

ಕಹಿಗೆ ಕಾರಣ ಹೆಚ್ಚಿನ ಸಲ ನೀರು. ಚೀಲದ ಮಣ್ಣು ಮಧ್ಯಾಹ್ನಕ್ಕೆ ಒಣಗುತ್ತದೆ, ಸಂಜೆ ಸುರಿಯುತ್ತೇವೆ, ಮರುದಿನ ಮತ್ತೆ ಅದೇ ಕಥೆ. ಬಿಸಿಲು ಮತ್ತು ಈ ಏರುಪೇರು ಸೇರಿದಾಗ ಗಿಡದಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ಅಂಶ ಹೆಚ್ಚಾಗಿ ಕಾಯಿಗೂ ಬರುತ್ತದೆ, ಅದರಲ್ಲೂ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ಸ್ವಲ್ಪ ಸ್ವಲ್ಪ ನೀರು ಕೊಡಿ. ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆಯುವುದು ಅಜ್ಜಿ ಕಾಲದಿಂದ ಇದೆ, ಆದರೆ ಇಡೀ ಕಾಯಿ ಕಹಿಯಾಗಿದ್ದರೆ ಅದರಿಂದ ಏನೂ ಆಗಲ್ಲ. ಚೆನ್ನಾಗಿ ಕಹಿ ಇದ್ದರೆ ತಿನ್ನಲೇಬೇಡಿ. ಕಹಿ ಸೋರೆಕಾಯಿ ಜ್ಯೂಸ್ ಕುಡಿಯಬಾರದು ಅನ್ನುತ್ತಾರಲ್ವಾ, ಅಲ್ಲಿರುವುದೂ ಇದೇ ಅಂಶ.

ಇನ್ನೊಂದು ಹಣ್ಣುನೊಣ. ಹೀಚಿನ ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅದರಿಂದ ಒಂದು ಹನಿ ಅಂಟು ಹೊರಗೆ ಬಂದಿರುತ್ತದೆ. ಅದು ಕಂಡರೆ ಮೊಟ್ಟೆ ಒಳಗೆ ಹೋಗಿದೆ ಅಂತ ಅರ್ಥ, ಕಾಯಿ ಅಲ್ಲೇ ಸೊಟ್ಟಗಾಗಿ ಕೊಳೆಯುತ್ತದೆ. ಅಂಥದ್ದನ್ನು ಕಿತ್ತು ಕಾಂಪೋಸ್ಟಿಗೆ ಹಾಕಬೇಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿಡಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ, ವಾಸನೆಯಿಂದ ನೊಣ ಸೆಳೆಯುವ ಕ್ಯೂಲೂರ್ ಟ್ರ್ಯಾಪಿಗೆ ಗಂಡು ನೊಣ ಮಾತ್ರ ಬೀಳುತ್ತದೆ. ಅದೊಂದನ್ನೇ ನಂಬಬೇಡಿ. ಕಾಯಿ ಕಚ್ಚಿದ ಕೂಡಲೇ ಹಳೇ ತೆಳು ಬಟ್ಟೆಯ ಚೀಲ ಹಾಕಿಬಿಡಿ, ಇದರಷ್ಟು ಗ್ಯಾರಂಟಿ ಬೇರೆ ಇಲ್ಲ.

ಡಲ್ಲಾಸ್‌ನಿಂದ, ಊರು ಶಿರಸಿ

ಆರ್ಮೇನಿಯನ್ ಇಲ್ಲಿ ನಮಗೆ ಜೀವ ಉಳಿಸುವ ಬೆಳೆ. ಜುಲೈ ಬಿಸಿಲಿಗೆ ಮಾಮೂಲಿ ಸೌತೆ ಬಳ್ಳಿ ಸುಸ್ತಾಗಿ ಮಲಗಿದಾಗ ಇದು ಆರಾಮಾಗಿ ಹಬ್ಬುತ್ತಿರುತ್ತದೆ. ತಿಳಿ ಹಸಿರು, ಉದ್ದಕ್ಕೆ ಗೀರು, ಮೈಮೇಲೆ ಮೆತ್ತನೆ ತುಪ್ಪಟ. ಕಹಿ ಅನ್ನುವುದು ತುಂಬಾ ಅಪರೂಪ. ಉತ್ತರ ಭಾರತದಲ್ಲಿ ಉಪ್ಪು ಖಾರ ಹಚ್ಚಿ ಮಾರುವ ಸಣ್ಣ ಕಕಡಿ ಇದರದ್ದೇ ಬಳಗ. ನೇತಾಡಿದರೆ ನೆಟ್ಟಗೆ ಬೆಳೆಯುತ್ತದೆ, ನೆಲಕ್ಕೆ ಬಿಟ್ಟರೆ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಚಪ್ಪರದಲ್ಲಿ ಒಳ್ಳೆ ಜಾಗ ಇದಕ್ಕೇ ಕೊಡಿ. ಒಂದು ಅಡಿ ದಾಟಿತೋ ಇಲ್ಲವೋ ಕೊಯ್ದುಬಿಡಿ, ಎಲೆ ಮರೆಯಲ್ಲಿ ಉಳಿದದ್ದು ನೋಡನೋಡುತ್ತ ತೋಳು ದಪ್ಪ ಆಗುತ್ತದೆ. ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ, ಕೋಸಂಬರಿಗೆ ನೇರ ಹೆಚ್ಚುವುದು.

ತುಮಕೂರಿನಿಂದ

ಯಾರೂ ಮಿಡಿಸೌತೆ (ಗರ್ಕಿನ್) ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಕಂಪನಿಯವರು ಬೀಜ ಕೊಟ್ಟು ಕಾಯಿ ಅವರೇ ಕೊಳ್ಳುತ್ತಾರೆ, ಉಪ್ಪುನೀರಿನಲ್ಲಿ, ವಿನೆಗರ್‌ನಲ್ಲಿ ಹಾಕಿ ಹೊರದೇಶಕ್ಕೆ ಹೋಗುತ್ತದೆ. ಮನೆಯಲ್ಲಿ ಬೆಳೆಯಬಹುದು, ಆದರೆ ದಿನಾ ಕೀಳಬೇಕು. ಒಂದು ದಿನ ಊರಿಗೆ ಹೋಗಿ ಬಂದರೆ ಬೆರಳು ಗಾತ್ರದ್ದು ಬಾಟಲಿಗೆ ಹಿಡಿಸದ ಗಾತ್ರ ಆಗಿರುತ್ತದೆ. ಎರಡು ಮೂರು ಗಿಡ ಇಟ್ಟರೆ ಒಂದು ಸಲಕ್ಕೆ ಒಂದು ಮುಷ್ಟಿ ಸಿಗಬಹುದು. ಟೆರೇಸಿನವರಿಗೆ ನಾನು ಹೇಳಲ್ಲ.

ಬೆಂಗಳೂರು, ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮೂರನ್ನೂ ಜನವರಿ ಕೊನೆಗೆ ಹಾಕಲಾ? ಬೀಜ ಎತ್ತಿಟ್ಟುಕೊಳ್ಳುವ ಆಸೆಯೂ ಇದೆ, ಒಂದೇ ಚಪ್ಪರದಲ್ಲಿ ಬೆರಕೆ ಆಗಲ್ವಾ?

ಬಂಟ್ವಾಳದಿಂದ

ಹಾಕಿ. ಮಾರ್ಚ್ ಬಿಸಿಲಿಗೆ ಲೆಮನ್‌ಗೆ ಮಾತ್ರ ಸ್ವಲ್ಪ ನೆರಳು ಬಲೆ ಬೇಕಾಗಬಹುದು. ಲೆಮನ್ ಉಳಿದೆರಡರ ಜೊತೆ ಬೆರೆಯುವುದಿಲ್ಲ, ಜಾತಿಯೇ ಬೇರೆ. ಅದರ ಪಕ್ಕದಲ್ಲಿ ಮಾಮೂಲಿ ಸೌತೆ ಇಲ್ಲದಿದ್ದರೆ ಸಾಕು. ಆರ್ಮೇನಿಯನ್ ಮತ್ತು ಇಬ್ಬುಡ್ಲ ಖಂಡಿತ ಬೆರೆಯುತ್ತವೆ, ಜೇನುನೊಣಕ್ಕೆ ಭೇದ ಇಲ್ಲ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ವ್ಯತ್ಯಾಸ ಬರುವುದು ಅದರ ಬೀಜ ಬಿತ್ತಿದಾಗ. ಅತ್ತೆಯ ಬೀಜ ಕೆಡಬಾರದು ಅಂದರೆ ಹೀಗೆ ಮಾಡಿ. ನಾಳೆ ಅರಳುವ ಹೂವು ಇವತ್ತು ಸಂಜೆಯೇ ತುದಿಯಲ್ಲಿ ಹಳದಿ ಕಾಣುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇರುವ ಹೂವಿಗೂ, ಅದೇ ಬಳ್ಳಿಯ ಗಂಡು ಹೂವಿಗೂ ಕಾಗದದ ಕ್ಲಿಪ್ ಹಾಕಿ ಮುಚ್ಚಿ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂವಿನ ಎಸಳು ಕಿತ್ತು, ಅದನ್ನು ಪುಟ್ಟ ಕಾಯಿ ಇರುವ ಹೂವಿನ ಒಳಗೆ ಸವರಿ, ಆ ಹೂವನ್ನು ಮತ್ತೆ ಮುಚ್ಚಿಬಿಡಿ, ಗುರುತಿಗೆ ತೊಟ್ಟಿಗೆ ಕೆಂಪು ದಾರ. ಎಲ್ಲವೂ ಕಚ್ಚುವುದಿಲ್ಲ, ನಾಲ್ಕಾರು ಹೂವಿಗೆ ಮಾಡಿ. ಹಣ್ಣು ಬಿರಿದ ಮೇಲೆ ಬೀಜ ತೊಳೆದು ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಬೆರೆಸಿಡಿ. ಕೆಂಪು ದಾರ ಇಲ್ಲದ ಹಣ್ಣೆಲ್ಲ ರಸಾಯನಕ್ಕೆ.