ಪಿಯುಸಿ ಆದ ಮೇಲೆ ಬಾಸ್ಕೆಟ್‌ಬಾಲ್: ಹೊರದೇಶದ ದಾರಿ ಹಿಡಿದವರು, ಹಿಡಿಯದವರು ಅನುಭವ ಹೇಳಿ

ಹಾಸನದ ಅಪ್ಪ:
ಮಗಳಿಗೆ 16. ಮೊದಲ ಪಿಯುಸಿ, ಕಾಮರ್ಸ್. ಎತ್ತರ 5 ಅಡಿ 11 ಇಂಚು, ಸ್ಟೇಟ್ ಜೂನಿಯರ್ ಟೀಮಿನಲ್ಲಿ ಪಿವಟ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ್ತಿ) ಆಡುತ್ತಾಳೆ. ಅಮೆರಿಕದ ಕಾಲೇಜು, ಅಲ್ಲಿಂದ ಯುರೋಪ್ ಅಥವಾ ಆಸ್ಟ್ರೇಲಿಯಾ ಲೀಗ್ ಅಂತ ಹಟ ಹಿಡಿದಿದ್ದಾಳೆ. ಕೋಚ್ ಮಾತ್ರ ಬೆಂಗಳೂರಿನ ಕ್ರೀಡಾ ಹಾಸ್ಟೆಲ್, ಆಮೇಲೆ ರೈಲ್ವೆ ಕೋಟಾ ಸಾಕು ಅನ್ನುತ್ತಾರೆ. ನನ್ನದು ಸಣ್ಣ ಅಂಗಡಿ. ಕಷ್ಟಪಟ್ಟರೆ 8 ಲಕ್ಷ ಹೊಂದಿಸಬಲ್ಲೆ. ದಯವಿಟ್ಟು ತಿಳಿದವರು ಹೇಳಿ.

ಜಯನಗರದ ತಾಯಿ:
ನನ್ನ ಮಗಳು ಈಗ ಅಮೆರಿಕದಲ್ಲಿ ಡಿವಿಷನ್ 2 ಕಾಲೇಜಿನಲ್ಲಿ ಮೂರನೇ ವರ್ಷ. ಅಲ್ಲಿ ಕಾಲೇಜು ಟೀಮುಗಳಿಗೆ ಮೂರು ಹಂತ, ಡಿವಿಷನ್ 1 ಎಲ್ಲಕ್ಕಿಂತ ಮೇಲಿನದು. ಯಾರ ಶಿಫಾರಸೂ ಇಲ್ಲದೆ ಹೋದವಳು. ಮೊದಲು ಒಬ್ಬ ಕನ್ಸಲ್ಟೆಂಟ್ ಮೂರೂವರೆ ಲಕ್ಷ ತೆಗೆದುಕೊಂಡ. ಅವನು ಮಾಡಿದ್ದು ಒಂದೇ ಇಮೇಲನ್ನು ಎಲ್ಲ ಕೋಚ್‌ಗಳಿಗೂ ಕಳಿಸಿದ್ದು. ಒಂದರಲ್ಲಿ ಬೇರೆ ಯಾರದೋ ಮಗಳ ಹೆಸರಿತ್ತು! ವಿಡಿಯೋಗೆ ಇನ್ನೂ 38 ಸಾವಿರ. ಹಿಂದೆ ಜೋರು ಹಾಡು, ಬರೀ ಬುಟ್ಟಿಗೆ ಬಿದ್ದ ಶಾಟ್‌ಗಳು. ಅದನ್ನು ನೋಡಿ ಉತ್ತರ ಬರೆದ ಒಬ್ಬ ಕೋಚ್ ಕೇಳಿದ್ದು, 'ಕತ್ತರಿಸದ ಪೂರ್ತಿ ಮ್ಯಾಚ್ ಇದೆಯಾ?' ಅಂತ. ನನ್ನ ತಮ್ಮ ಕಂಠೀರವ ಇಂಡೋರ್‌ನಲ್ಲಿ ಮೇಲಿನ ಸಾಲಿಗೆ ಟ್ರೈಪಾಡ್ ಕಟ್ಟಿ ತೆಗೆದ ಮ್ಯಾಚ್ ಕಳಿಸಿದೆವು. ಶಾಟ್ ಅಲ್ಲ, ಅವಳು ಡಿಫೆನ್ಸಿಗೆ ಹೇಗೆ ಓಡುತ್ತಾಳೆ ಅಂತಲೇ ಅವರು ನೋಡಿದ್ದು.

ಸ್ಕಾಲರ್‌ಶಿಪ್ ಅಂದರೆ ಎಲ್ಲಾ ಫ್ರೀ ಅಂದುಕೊಳ್ಳಬೇಡಿ. ಅವಳದು ಅರ್ಧ ಸ್ಕಾಲರ್‌ಶಿಪ್. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) ಫೀ 350 ಡಾಲರ್, ವೀಸಾ ಫೀ ಬೇರೆ, ಹೆಲ್ತ್ ಇನ್ಶೂರೆನ್ಸ್ ವರ್ಷಕ್ಕೆ ಎರಡು ಲಕ್ಷದ ಹತ್ತಿರ. ಬೇಸಿಗೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಬಾಡಿಗೆ ರೂಮು. ಪಕ್ಕದ ಸೀಟಿನ ಅಮೆರಿಕದ ಹುಡುಗಿ ಜಾಹೀರಾತಿನಿಂದ ದುಡ್ಡು ಮಾಡುತ್ತಾಳೆ, ವಿದ್ಯಾರ್ಥಿ ವೀಸಾ (ಎಫ್-1) ನಿಯಮ ಮುರಿದಂತಾದೀತು ಅಂತ ನನ್ನ ಮಗಳಿಗೆ ಅದಕ್ಕೆ ಕೈ ಹಾಕಲು ಭಯ. ಆದರೂ ಹೇಳುತ್ತೇನೆ, ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಅರಿಝೋನಾಗೆ ಹೋಗಿ ಡಿವಿಷನ್ 1 ಆಡಲಿಲ್ವಾ? ರೈಲ್ವೆ ಕೋಟಾ ಅಂತ ಕೂತರೆ ಹುಡುಗಿಯ ಆಟ ಅಲ್ಲಿಗೇ ನಿಂತುಹೋಗುತ್ತದೆ.

ಹುಬ್ಬಳ್ಳಿ ರೈಲ್ವೆ:
ಆಟ ನಿಂತುಹೋಗುತ್ತದೆ ಅಂತ ಬರೆಯೋದು ಸುಲಭ ಮೇಡಂ. ನಾನು ಹಾಸ್ಟೆಲ್‌ನಲ್ಲಿ ಬೆಳೆದವನು. ಅಪ್ಪ ಕೂಲಿ. ಹಾಸ್ಟೆಲ್‌ನ ಮೊಟ್ಟೆ, ಹಾಲು ಇಲ್ಲದಿದ್ದರೆ ನನ್ನ ಮೈ ಬೆಳೆಯುತ್ತಲೇ ಇರಲಿಲ್ಲ. 21ಕ್ಕೆ ಸ್ಪೋರ್ಟ್ಸ್ ಕೋಟಾ ಕೆಲಸ. 24ಕ್ಕೆ ರೀಬೌಂಡ್‌ಗೆ ಹಾರಿ ಇಳಿದಾಗ ಎಡ ಮಂಡಿ ಒಳಕ್ಕೆ ತಿರುಗಿತು, 'ಟಪ್' ಅಂತ ಸದ್ದು ನನಗೇ ಕೇಳಿಸಿತು. ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯ ಕಟ್ಟು, ಹರಿದಿತ್ತು. ಹೊರಗೆ ಎರಡು ಲಕ್ಷ 80 ಸಾವಿರ ಹೇಳಿದ ಆಪರೇಷನ್ ರೈಲ್ವೆ ಖರ್ಚಿನಲ್ಲಿ ಆಯ್ತು. ಕೈಯಿಂದ ಹೋಗಿದ್ದು ಮಂಡಿಗೆ ಕಟ್ಟುವ ಹಿಂಜ್ ಬ್ರೇಸ್ 6,500, ಮನೆಗೆ ಬರುವ ಫಿಸಿಯೋಗೆ ಸಲಕ್ಕೆ 700. ಒಂಬತ್ತು ತಿಂಗಳು ಕೋರ್ಟಿಗೆ ಇಳಿಯಲಿಲ್ಲ, ಒಂದು ತಿಂಗಳ ಸಂಬಳವೂ ನಿಲ್ಲಲಿಲ್ಲ. ವಾಪಸ್ ಬಂದು ಆಲ್ ಇಂಡಿಯಾ ರೈಲ್ವೆ ಆಡಿದೆ.

ಇನ್ನು ರೈಲ್ವೆಯಲ್ಲಿದ್ದರೆ ಹೊರದೇಶ ಇಲ್ಲ ಅನ್ನೋದು ಸುಳ್ಳು. ಗೀತು ಅನ್ನಾ ಜೋಸ್ ಸದರ್ನ್ ರೈಲ್ವೆಯವರು. ಆಸ್ಟ್ರೇಲಿಯಾದಲ್ಲಿ ರಿಂಗ್‌ವುಡ್ ಹಾಕ್ಸ್‌ಗೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎ ಟ್ರಯಲ್‌ಗೂ ಹೋಗಿಬಂದರು. ಮೂರೂವರೆ ಲಕ್ಷ ಕೊಟ್ಟು ಮೇಲ್ ಕಳಿಸಿಕೊಳ್ಳಲಿಲ್ಲ.

ಜಯನಗರದ ತಾಯಿ:
ನನ್ನ ದುಡ್ಡು ಹೋಗಿದ್ದನ್ನು ಹೇಳಿದ್ದು ಬೇರೆಯವರು ಹುಷಾರಾಗಲಿ ಅಂತ. ಅದನ್ನೇ ಎತ್ತಿ ಆಡುತ್ತೀರಲ್ಲ. ಗೀತು ಅವರಂಥವರು ಇಡೀ ದೇಶಕ್ಕೆ ಒಬ್ಬರು. ಉಳಿದವರು?

ಟೆಕ್ಸಸ್ ಕನ್ನಡಿಗ:
ನಾನು ಡಲ್ಲಾಸ್ ಹತ್ತಿರ ಹೈಸ್ಕೂಲ್ ಆಡಿದವನು. ಅಪ್ಪ ಅಮ್ಮ ತುಮಕೂರಿನವರು. ಇಲ್ಲಿ ಹೈಸ್ಕೂಲ್ ಟೀಮ್ ಒಂದರಿಂದ ಏನೂ ಆಗಲ್ಲ, ಬೇಸಿಗೆಯಲ್ಲಿ ಎಎಯು ಟೀಮ್, ಅಂದರೆ ಶಾಲೆಯ ಹೊರಗಿನ ಕ್ಲಬ್ ಟೀಮ್ ಬೇಕು. ಸೀಸನ್‌ಗೆ 2,500 ಡಾಲರ್ ಫೀ. ಅದರ ಮೇಲೆ ಟೂರ್ನಮೆಂಟ್‌ನವರು ಹೇಳಿದ ಹೋಟೆಲ್‌ನಲ್ಲೇ ಉಳಿಯಬೇಕು, ಅಕ್ಕ ಅದೇ ಊರಲ್ಲಿದ್ದರೂ ಅವಳ ಮನೆಯಲ್ಲಿ ಮಲಗುವ ಹಾಗಿಲ್ಲ. ಕೊನೆಗೆ ಡಿವಿಷನ್ 3. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ.

ಆಮೇಲೆ ಪೋರ್ಚುಗಲ್‌ನ ಎರಡನೇ ಹಂತದ ಲೀಗ್. ಹೇಳಿದ ಸಂಬಳ ತಿಂಗಳಿಗೆ 900 ಯೂರೋ, ಫ್ಲಾಟ್, ಮಧ್ಯಾಹ್ನದ ಊಟ. ನವೆಂಬರ್‌ವರೆಗೆ ಸರಿಯಾಗಿ ಬಂತು. ಡಿಸೆಂಬರ್‌ನಲ್ಲಿ ಅರ್ಧ. ಜನವರಿಯಲ್ಲಿ ಸ್ಪಾನ್ಸರ್ ಬಿಟ್ಟುಹೋದ ಅಂದರು. ಫ್ಲಾಟ್‌ನಲ್ಲಿ ಮೂರು ಜನ, ಹೀಟರ್ ಒಂದು. ನಮ್ಮ ಸರದಿ ಹಾಳೆ ಅಡುಗೆಮನೆ ಗೋಡೆ ಮೇಲೆ ಅಂಟಿಸಿತ್ತು. ಅಷ್ಟರಲ್ಲಿ ಕಣಕಾಲು ಉಳುಕಿತು, ಕ್ಲಬ್ ಕಾಂಟ್ರಾಕ್ಟ್ ಮುರಿಯಿತು. ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಬ್ಯಾಟ್‌ಗೆ, ಅಂದರೆ ಜಿನೀವಾದ ಪಂಚಾಯ್ತಿ ನ್ಯಾಯಮಂಡಳಿಗೆ ಹೋಗೋಣ ಅಂದರೆ ಕಾಂಟ್ರಾಕ್ಟ್‌ನಲ್ಲಿ ಬ್ಯಾಟ್ ಷರತ್ತನ್ನೇ ಸೇರಿಸಿರಲಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಅಲ್ಲಿ ಕೇಸ್ ತೆಗೆದುಕೊಳ್ಳಲ್ಲ. ಏಜೆಂಟ್ ಫೋನ್ ಎತ್ತಲಿಲ್ಲ. ಆದರೂ ಶನಿವಾರ ರಾತ್ರಿ ಆ ಸಣ್ಣ ಊರಿನ ಜಿಮ್ ತುಂಬಿ ನನ್ನ ಹೆಸರು ಕೂಗುತ್ತಿದ್ದರಲ್ಲ, ಅದನ್ನು ಯಾವ ಕೆಲಸಕ್ಕೂ ಬದಲಿಸಲ್ಲ.

ಒಂದು ಮಾತು ಹಾಸನದವರಿಗೆ. 5 ಅಡಿ 11 ಅಲ್ಲಿ ಪಿವಟ್ ಅಲ್ಲ. ಇವತ್ತಿನಿಂದಲೇ ಹೊರಗಿಂದ ಶಾಟ್, ಎಡಗೈ ಡ್ರಿಬಲ್ ಕಲಿಸಿ.

ಮಂಡ್ಯ ಕೋಚ್:
ಎಲ್ಲರೂ ಸತ್ನಾಮ್ ಸಿಂಗ್ ಹೆಸರು ಹೇಳಿಯೇ ಮಕ್ಕಳ ತಲೆ ಕೆಡಿಸಿದ್ದು. 14ಕ್ಕೆ ಫ್ಲೋರಿಡಾ ಅಕಾಡೆಮಿ, 2015ರಲ್ಲಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಆಟಗಾರರ ಆಯ್ಕೆಯಲ್ಲಿ (ಡ್ರಾಫ್ಟ್) ಡಲ್ಲಾಸ್ ಟೀಮ್ 52ನೆಯವನಾಗಿ ಆರಿಸಿಕೊಂಡಿತು. ಸರಿ. ಎನ್‌ಬಿಎಯಲ್ಲಿ ಒಂದು ಮ್ಯಾಚ್ ಆಡಿಸಿದರಾ?

ಟೆಕ್ಸಸ್ ಕನ್ನಡಿಗ:
ಇಲ್ಲಿ ಸತ್ನಾಮ್ ಹೆಸರು ತಂದವರು ನೀವೇ ಸರ್. ನಮ್ಮ ದೇಶದ ಅಮೃತ್‌ಪಾಲ್ ಸಿಂಗ್ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್‌ಗೆ ಆಡಲಿಲ್ವಾ? ಅಮ್‌ಜ್ಯೋತ್ ಸಿಂಗ್ ಒಕ್ಲಹೋಮಾದ ಜಿ ಲೀಗ್ (ಎನ್‌ಬಿಎಯ ಕೆಳಹಂತದ ಲೀಗ್) ಟೀಮಿಗೆ ಆಡಲಿಲ್ವಾ?

ಮಂಡ್ಯ ಕೋಚ್:
ಅವರೆಲ್ಲ 6 ಅಡಿ 8ಕ್ಕೆ ಕಮ್ಮಿ ಇಲ್ಲದವರು. ನನ್ನ ಹುಡುಗರು ಸಿಮೆಂಟ್ ಕೋರ್ಟಿನಲ್ಲಿ ಆಡೋದು. 6,000 ರೂಪಾಯಿ ಶೂ ಮೂರು ತಿಂಗಳಿಗೆ ಹೆಬ್ಬೆರಳ ಕೆಳಗೆ ತೂತು ಬೀಳುತ್ತದೆ. ಮೊದಲು ಜಿಲ್ಲೆಗೊಂದು ಮರದ ಕೋರ್ಟ್ ಕೊಡಿ, ಆಮೇಲೆ ಯುರೋಪ್ ಮಾತಾಡೋಣ.

ಜಯನಗರದ ತಾಯಿ:
ಕೋಟಾ ಕೋಟಾ ಅನ್ನುವವರು ಬ್ಯಾಂಕ್ ಟೀಮ್‌ಗಳ ಕಥೆ ಹೇಳಿ. ವಿಜಯಾ ಬ್ಯಾಂಕ್ ಎಷ್ಟು ದೊಡ್ಡ ಟೀಮ್. 2019ರಲ್ಲಿ ಬ್ಯಾಂಕೇ ಬರೋಡಾ ಜೊತೆ ಸೇರಿಹೋಯ್ತು.

ಹುಬ್ಬಳ್ಳಿ ರೈಲ್ವೆ:
ಬ್ಯಾಂಕ್ ಸೇರಿಹೋದರೂ ಆಟಗಾರರ ಕೆಲಸ ಹೋಗಲಿಲ್ಲ. ಎಷ್ಟೋ ಜನ ಇವತ್ತೂ ಕ್ಯಾಶ್ ಕೌಂಟರ್‌ನಲ್ಲಿ ಕೂತಿದ್ದಾರೆ.

ಜಯನಗರದ ತಾಯಿ:
ಅದೇ ನಾನು ಹೇಳಿದ್ದು. ಕೌಂಟರ್‌ನಲ್ಲಿ ಕೂತಿದ್ದಾರೆ, ಕೋರ್ಟಿನಲ್ಲಿ ಅಲ್ಲ.

ಹಾಸನದ ಅಪ್ಪ:
ಎಲ್ಲರಿಗೂ ಧನ್ಯವಾದ. ಪಿಯುಸಿ ಮುಗಿದು ಒಂದು ವರ್ಷ ಬಿಟ್ಟು ಅರ್ಜಿ ಹಾಕಬಹುದಾ? ಅಷ್ಟರಲ್ಲಿ ಇನ್ನೆರಡು ಲಕ್ಷ ಕೂಡಿಸಬಹುದು.

ಟೆಕ್ಸಸ್ ಕನ್ನಡಿಗ:
ಅದಕ್ಕಿಂತ ಜಾಸ್ತಿ ಬಿಡಬೇಡಿ. ತಡ ಮಾಡಿ ಸೇರಿದ ನನ್ನ ಟೀಮಿನ ನೈಜೀರಿಯಾ ಹುಡುಗನಿಗೆ, ನಡುವೆ ಊರಲ್ಲಿ ಕ್ಲಬ್ ಟೂರ್ನಮೆಂಟ್ ಆಡಿದ್ದ ಅಂತ, ಕಾಲೇಜಿಗೆ ಆಡುವ ಅವಕಾಶದಲ್ಲಿ ಒಂದು ಸೀಸನ್ ಕಡಿತ ಮಾಡಿದರು. ಮಾರ್ಕ್ಸ್ ಕಾರ್ಡ್ ಈಗಲೇ, ಕಾಲೇಜು ಟೀಮಿಗೆ ಆಡುವ ಅರ್ಹತೆ ನೋಡುವ ಎಲಿಜಿಬಿಲಿಟಿ ಸೆಂಟರ್‌ಗೆ ಕಳಿಸೋಕೆ ಶುರು ಮಾಡಿ.

ಹುಬ್ಬಳ್ಳಿ ರೈಲ್ವೆ:
ಅದರ ಜೊತೆ ಹಾಸ್ಟೆಲ್ ಸೆಲೆಕ್ಷನ್‌ಗೂ ಕಳಿಸಿ. ಸೆಲೆಕ್ಟ್ ಆದರೆ ಊಟ, ಕೋಚಿಂಗ್ ಸರ್ಕಾರದ್ದು, ನಿಮ್ಮ 8 ಲಕ್ಷ ಹಾಗೇ ಉಳಿಯುತ್ತದೆ. ಮೇಡಂ ಒಪ್ಪದಿದ್ದರೂ ಪರವಾಗಿಲ್ಲ.

ಜಯನಗರದ ತಾಯಿ:
ಹಾಸ್ಟೆಲ್ ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. ಮೇಲೆ ಹೋಗಿ ಓದಿ ನೋಡಿ. ನಾನು ಬರೆದಿದ್ದು ಕೋಟಾ ಬಗ್ಗೆ.